ಮಕ್ಕಳ ರೋಗದ ಚೀಟಿ ಯಾರ ಕಿಸೆಯಲ್ಲಿರಬೇಕು?

ಗಿರಣಿಯ ಬಾಗಿಲಿನೆದುರು ಇರುವ ಒಂದು ಕಿರಾಣಿ ಅಂಗಡಿಯಲ್ಲಿ ಕಳೆದ ವರ್ಷ ನಡೆದ ಸಂಗತಿಯಿದು. ಮೊದಲ ಪಾಳಿ ಮುಗಿಸಿ ಹೊರಬಂದ ಕಾರ್ಮಿಕ ಬಂಧುವೊಬ್ಬರ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತು. ಅವರಿಗೆ ಇಂಗ್ಲಿಷ್ ಬಾರದು. ಬ್ಯಾಂಕಿನದೋ ಸಾಲದ ಸಂಘದ್ದೋ ಇರಬೇಕೆಂದು ಅಂಗಡಿಯವರ ಕೈಗೆ ಕೊಟ್ಟು ಓದಿಸಿದರು. ಅಂಗಡಿಯವರು ಎಂದಿನಂತೆ ಗಟ್ಟಿಯಾಗಿಯೇ ಓದಿದರು. ಅದು ಸರಕಾರಿ ದವಾಖಾನೆಯ ಸಂದೇಶ. ಅವರ ಹದಿನೇಳು ವರ್ಷದ ಮಗ ಇಂಥ ತಾರೀಖಿಗೆ ಮಾನಸಿಕ ರೋಗ ವಿಭಾಗಕ್ಕೆ ಮತ್ತೆ ಬರಬೇಕೆಂದು ಅದರಲ್ಲಿತ್ತು. ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನ ಅದನ್ನು ಕೇಳಿಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಓಣಿಯೆಲ್ಲ ಹಬ್ಬಿತ್ತು.

ಆ ಹುಡುಗ ಪರೀಕ್ಷೆಯಲ್ಲಿ ನಪಾಸಾಗಿ, ರಾತ್ರಿ ನಿದ್ದೆ ಬಾರದೆ, ಎದೆ ಹೊಡೆದುಕೊಳ್ಳುವ ಭಯದಿಂದ ಬಳಲುತ್ತಿದ್ದ. ಯಾರೂ ಹೇಳದೆ ತಾನೇ ದವಾಖಾನೆಗೆ ಹೋಗಿದ್ದ. ಹೆಸರು ಬರೆಸುವ ಕಿಟಕಿಯಲ್ಲಿ ಮೊಬೈಲ್ ನಂಬರು ಕೇಳಿದಾಗ, ಮನೆಯಲ್ಲಿದ್ದ ಒಂದೇ ಒಂದು ನಂಬರನ್ನು ಕೊಟ್ಟಿದ್ದ. ಆ ಸಂಜೆಯ ನಂತರ ಅವನು ದವಾಖಾನೆಯ ಕಡೆ ತಲೆ ಹಾಕಲಿಲ್ಲ. ತಂದೆ ನನ್ನ ಬಳಿ ಬಂದು ಕೇಳಿದ್ದು ಒಂದೇ ಮಾತು: "ಮಾಸ್ತರ್, ನಾ ಓದಿಸಿದ್ದ ತಪ್ಪಾತೇನ್ರಿ?"

ತಪ್ಪು ಆ ತಂದೆಯದಲ್ಲ, ಅಂಗಡಿಯವರದೂ ಅಲ್ಲ. ಮನೆಮಂದಿಗೆಲ್ಲ ಒಂದೇ ಫೋನಿರುವ, ಬಂದ ಸಂದೇಶವನ್ನು ಪರರಿಂದ ಓದಿಸಿಕೊಳ್ಳಬೇಕಾದ ಸಂಸಾರಗಳು ಈ ದೇಶದಲ್ಲಿ ಇವೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಏರ್ಪಾಟು ಮಾಡಿದವರದು. ಈ ವಾರ ವಾಚಕರ ಮುಂದಿಡಬೇಕೆಂದಿರುವ ವಿಷಯ ಇದೇ. ದವಾಖಾನೆಯ ಕಾಗದಗಳೆಲ್ಲ ಕಂಪ್ಯೂಟರಿಗೆ ಏರುತ್ತಿರುವ ಈ ಕಾಲದಲ್ಲಿ, ಬೆಳೆಯುತ್ತಿರುವ ಮಕ್ಕಳ ರೋಗದ ದಾಖಲೆಯನ್ನು ನೋಡುವ ಹಕ್ಕು ಯಾರದು? ಅದರ ಗುಟ್ಟನ್ನು ಕಾಯುವ ಹೊಣೆ ಯಾರದು?

ಹೊಸ ಏರ್ಪಾಟು ಎಂಥದು?

ಕೇಂದ್ರ ಸರಕಾರವು 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗವಾಗಿ ಪ್ರಾರಂಭಿಸಿ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ ಯೋಜನೆಗೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂದು ಹೆಸರು. ಇದರಲ್ಲಿ ಪ್ರತಿಯೊಬ್ಬರಿಗೂ 14 ಅಂಕಿಗಳ ಒಂದು ಸಂಖ್ಯೆ ದೊರೆಯುತ್ತದೆ. ಇದನ್ನೇ 'ಆಭಾ' ಎನ್ನುತ್ತಾರೆ. ಯಾವ ದವಾಖಾನೆಯಲ್ಲಿ ತೋರಿಸಿಕೊಂಡರೂ ರಕ್ತಪರೀಕ್ಷೆಯ ವರದಿ, ಔಷಧದ ಚೀಟಿ, ಬಿಡುಗಡೆಯ ಪತ್ರ ಮೊದಲಾದವನ್ನು ಈ ಸಂಖ್ಯೆಗೆ ಜೋಡಿಸಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಒಂದು ಕಡೆಯ ದಾಖಲೆಯನ್ನು ಇನ್ನೊಂದು ಕಡೆಯವರು ತರಿಸಿಕೊಳ್ಳುವಂತಿಲ್ಲ ಎಂಬುದು ಯೋಜನೆಯ ನಿಯಮ. ಈ ಸಂಖ್ಯೆ ಕಡ್ಡಾಯವೂ ಅಲ್ಲ.

ಇದನ್ನು ನಾವು ಸಾರಾಸಗಟಾಗಿ ವಿರೋಧಿಸುವವರಲ್ಲ. ಸುಗ್ಗಿ ಮುಗಿದೊಡನೆ ಊರು ಬಿಟ್ಟು ದುಡಿಯಲು ಹೋಗುವ ಸಂಸಾರಗಳ ಮಕ್ಕಳ ಚೀಟಿಗಳು ಮಳೆಗೆ ನೆನೆದು, ಇಲಿ ಕಡಿದು ಹೋಗುವುದನ್ನು ನಾವು ಕಂಡಿದ್ದೇವೆ. ಹಳೆಯ ಚೀಟಿ ಇಲ್ಲವೆಂದು ಅದೇ ಪರೀಕ್ಷೆಗೆ ಎರಡನೆಯ ಸಲ ಹಣ ತೆತ್ತವರೂ ನಮ್ಮಲ್ಲಿದ್ದಾರೆ. ಕೀಲುವಾತ ಜ್ವರದಿಂದ ಹೃದಯ ಕೆಟ್ಟ ಹುಡುಗನಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ ವರ್ಷಾನುಗಟ್ಟಲೆ ಬೀಳಬೇಕು. ಎಂದು ಕೊಟ್ಟರು, ಎಲ್ಲಿ ತಪ್ಪಿತು ಎಂಬ ಲೆಕ್ಕವೇ ಅವನ ಪ್ರಾಣ. ಅಂಥ ಲೆಕ್ಕ ಊರೂರಿಗೂ ಅವನ ಬೆನ್ನ ಹಿಂದೆ ಬರುವುದಾದರೆ ಒಳ್ಳೆಯದೇ.

ಆ ಲೆಕ್ಕ ಹುಡುಗನ ಕಣ್ಣಿಗೂ ಬೀಳಬೇಕು. ಹದಿಮೂರು ವರ್ಷದ ಸಕ್ಕರೆ ರೋಗದ ಹುಡುಗಿ ದಿನಕ್ಕೆ ಹಲವು ಸಲ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಅವಳ ರಕ್ತದ ಸಕ್ಕರೆ ಕಳೆದ ಮೂರು ತಿಂಗಳು ಎಷ್ಟಿತ್ತೆಂಬುದನ್ನು ಅವಳಿಗೆ ತೋರಿಸದೆ ಬರಿಯ ತಾಯಿಗೆ ಹೇಳಿ ಕಳಿಸಿದರೆ ಅದು ಎಂಥ ಚಿಕಿತ್ಸೆ? ತನ್ನ ದೇಹದ ಲೆಕ್ಕವನ್ನು ತಾನೇ ಓದಲು ಕಲಿಯುವುದು ಶಾಲೆಯ ಬೀಜಗಣಿತಕ್ಕಿಂತ ಕಡಿಮೆಯ ವಿದ್ಯೆಯಲ್ಲ. ವೈದ್ಯರಿಗೆ ಸಂಬಂಧಿಸಿದ 2002ರ ನಿಯಮಾವಳಿಯಲ್ಲಿ, ರೋಗಿಯಾಗಲಿ ಅವನ ಪರವಾಗಿ ಅಧಿಕೃತರಾದವರಾಗಲಿ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ಬರೆದಿದೆ. ದಾಖಲೆ ರೋಗಿಯ ಸೊತ್ತು ಎಂಬ ತತ್ವ ಹೊಸದೇನೂ ಅಲ್ಲ. ಆದರೆ ರೋಗಿಗೆ ಹದಿನೆಂಟು ತುಂಬಿರದಿದ್ದರೆ ಅವನ ಪರವಾಗಿ ಕೇಳುವವರೂ ಪಡೆಯುವವರೂ ಹಿರಿಯರೇ ಆಗುತ್ತಾರೆ.

ಬೀಗ ಓ.ಟಿ.ಪಿ.ಯ ಕೈಯಲ್ಲಿ

ಆಭಾ ಮಾಡಿಸಲಿಕ್ಕೂ ದಾಖಲೆ ತೆರೆಯಲಿಕ್ಕೂ ಮೊಬೈಲಿಗೆ ಬರುವ ಗುಪ್ತ ಅಂಕಿ, ಅಂದರೆ ಓ.ಟಿ.ಪಿ. ಬೇಕು. ಒಂದೇ ಮೊಬೈಲ್ ನಂಬರಿಗೆ ಮನೆಯ ಹಲವರ ಆಭಾ ಸಂಖ್ಯೆಗಳನ್ನು ಜೋಡಿಸಲು ಅವಕಾಶವಿದೆ. ಬಡವರಿಗೆ ಅನುಕೂಲವಾಗಲೆಂದೇ ಹೀಗೆ ಮಾಡಿದ್ದಾರೆ, ನಿಜ. ಆದರೆ ಪರಿಣಾಮವೇನು? ಫೋನು ಯಾರ ಕಿಸೆಯಲ್ಲಿದೆಯೋ ಮನೆಮಂದಿಯ ರೋಗದ ಕೀಲಿಕೈಯೆಲ್ಲ ಅವರ ಕಿಸೆಯಲ್ಲಿ. ಕಾನೂನು ಏನೇ ಹೇಳಲಿ, ಹೆಣ್ಣುಮಗಳ ಗುಟ್ಟು ಉಳಿಯುವುದು ಬಿಡುವುದು ಫೋನು ಅಪ್ಪನ ಬಳಿ ಇದೆಯೋ, ಅಣ್ಣನ ಬಳಿ ಇದೆಯೋ, ಸೋದರಮಾವನ ಬಳಿ ಇದೆಯೋ ಎಂಬುದರ ಮೇಲೆ. ಸಾಹುಕಾರರ ಮಗಳಿಗೆ ಅವಳದೇ ಫೋನುಂಟು, ಅವಳ ಗುಟ್ಟು ಅವಳಲ್ಲಿ ಉಳಿದೀತು. ನೇಯುವವನ ಮಗಳಿಗೆ ಫೋನೂ ಇಲ್ಲ, ಗುಟ್ಟೂ ಇಲ್ಲ. ಒಂದೇ ಕಾನೂನಿನ ಕೆಳಗೆ ಎರಡು ಬಗೆಯ ಮಕ್ಕಳಾದರು.

ಗಿರಣಿ ಕಾರ್ಮಿಕರು ಇನ್ನೊಂದು ಮಾತನ್ನು ಗಮನಿಸಬೇಕು. ಇ.ಎಸ್.ಐ. ಯೋಜನೆಯ ಪ್ರಕಾರ ನಮ್ಮ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಕರಿಂದ ನೂರಕ್ಕೆ ಮೂರೂಕಾಲು ರೂಪಾಯಿ ವಂತಿಗೆ ಹೋಗುತ್ತದೆ. 2019ರ ಜುಲೈಯಿಂದ ಇದೇ ದರ. ಅದರಿಂದ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯುಂಟು. ಆದರೆ ಮಕ್ಕಳು ಆ ದವಾಖಾನೆಗೆ ಹೋಗುವುದು ತಂದೆಯ ವಿಮಾ ಸಂಖ್ಯೆಯ ಮೇಲೆ, ತಂದೆಯ 'ಅವಲಂಬಿತರು' ಎಂಬ ಲೆಕ್ಕದಲ್ಲಿ. ಅವಲಂಬನೆ ಅನ್ನಕ್ಕೆ ಸರಿ, ಔಷಧಕ್ಕೆ ಸರಿ. ಮಗು ವೈದ್ಯರೆದುರು ಆಡಿದ ಪ್ರತಿಯೊಂದು ಮಾತಿಗೂ ಅದನ್ನು ಹಚ್ಚುವುದು ಸರಿಯೇ?

ಕಾನೂನಿನಲ್ಲಿ ಎಷ್ಟು ವಯಸ್ಸು?

ನಮ್ಮ ಕಾನೂನುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಸೋಜಿಗವಾಗುತ್ತದೆ. ಹತ್ತು ವರ್ಷ ತುಂಬಿದ ಮಗು ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿಯೇ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಹದಿನಾಲ್ಕು ತುಂಬಿದವರನ್ನು ಅಪಾಯವಿಲ್ಲದ ಕೆಲಸಗಳಲ್ಲಿ ಕೂಲಿಗೆ ಇಟ್ಟುಕೊಳ್ಳಬಹುದೆಂದು 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆ ಹೇಳುತ್ತದೆ. ಎಚ್.ಐ.ವಿ. ಕುರಿತ 2017ರ ಕಾಯಿದೆಯಂತೂ, ರೋಗ ತಗುಲಿದ ಸಂಸಾರದಲ್ಲಿ 12ರಿಂದ 18ರೊಳಗಿನ, ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ತಮ್ಮ ತಂಗಿಯರ ಚಿಕಿತ್ಸೆಗೆ ಪೋಷಕರಾಗಿ ನಿಲ್ಲಬಹುದೆಂದು ಒಪ್ಪಿದೆ. ಹಳೆಯ ದಂಡ ಸಂಹಿತೆಯಲ್ಲಿಯೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಸಮ್ಮತಿಯ ಪ್ರಶ್ನೆಗೆ 12 ವರ್ಷದ ಗೆರೆಯೊಂದಿದೆ.

ಇತ್ತ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ 18ರ ಕೆಳಗಿನವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ 'ಮಗು' ಎನ್ನುತ್ತದೆ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ದವಾಖಾನೆಗಳಿಗೂ ವೈದ್ಯರಿಗೂ, ಮಗುವಿನ ಆರೋಗ್ಯ ರಕ್ಷಣೆಗೆ ಬೇಕಾದಷ್ಟರ ಮಟ್ಟಿಗೆ, ಇದರಿಂದ ವಿನಾಯಿತಿ ಕೊಟ್ಟಿವೆ. ಸಂತೋಷ. ಆದರೆ ಆ ವಿನಾಯಿತಿ ವೈದ್ಯನಿಗೆ ದೊರೆಯಿತೇ ಹೊರತು ಮಗುವಿಗೆ ಬಾಯಿ ಕೊಡಲಿಲ್ಲ. ಆರು ವರ್ಷದ ಕೂಸೂ ಹದಿನೇಳು ವರ್ಷದ ಯುವಕನೂ ಈ ಕಾಯಿದೆಗೆ ಒಂದೇ. ಸಂಬಳ ತರಬಲ್ಲವನು ತನ್ನ ಚೀಟಿಯನ್ನು ಇಟ್ಟುಕೊಳ್ಳಲಾರನೆಂದರೆ ಅದು ಯಾವ ನ್ಯಾಯ?

ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2022ರ ಸೆಪ್ಟೆಂಬರ್ 29ರಂದು ಅದೇ ನ್ಯಾಯಾಲಯವು ಗರ್ಭಪಾತದ ಪ್ರಕರಣವೊಂದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಪ್ರಾಪ್ತ ವಯಸ್ಸಿನ ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡಲ್ಲಿ, ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ವರದಿ ಮಾಡುವಾಗ ವೈದ್ಯರು ಅವಳ ಹೆಸರು ವಿವರಗಳನ್ನು ಬಹಿರಂಗಪಡಿಸಬೇಕಾಗಿಲ್ಲವೆಂದಿತು. ಹೆದರಿದ ಹುಡುಗಿ ನಕಲಿ ವೈದ್ಯರ ಬಾಗಿಲಿಗೆ ಹೋಗಬಾರದೆಂಬ ಕಾಳಜಿ ಅದರ ಹಿಂದಿತ್ತು. ಗುಟ್ಟು ಕಾಯುವುದು ಪ್ರಾಣ ಕಾಯುವ ಕೆಲಸವೂ ಹೌದೆಂಬುದನ್ನು ನ್ಯಾಯಾಲಯ ಕಂಡುಕೊಂಡಿತು. ಆದರೆ ಆ ವಿವೇಕ ಹೆಸರು ಬರೆಸುವ ಕಿಟಕಿಯವರೆಗೆ ಇನ್ನೂ ಬಂದಿಲ್ಲ.

"ಹೆತ್ತವರಿಂದಲೇ ಮುಚ್ಚಿಡುವುದೇ?"

ಇಷ್ಟು ಹೇಳಿದೊಡನೆ ವಾಚಕರಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆಂದು ಬಲ್ಲೆ. ಎರಡು ಪಾಳಿ ದುಡಿದು ಮಗುವಿನ ಔಷಧಕ್ಕೆ ಹಣ ತರುವವನು ತಂದೆ. ರಾತ್ರಿಯೆಲ್ಲ ಹಣೆಗೆ ತಣ್ಣೀರು ಪಟ್ಟಿ ಹಾಕುವವಳು ತಾಯಿ. ಅವರಿಗೇ ತಿಳಿಯಬಾರದೆಂದರೆ ಮಕ್ಕಳು ಕೈತಪ್ಪಿ ಹೋಗುವುದಿಲ್ಲವೇ?

ಈ ಪ್ರಶ್ನೆ ಹಗುರವಾದುದಲ್ಲ. ಉತ್ತರವನ್ನೂ ಹಗುರವಾಗಿ ಹೇಳುವಂತಿಲ್ಲ. ಯಾವ ಔಷಧ, ಎಷ್ಟು ಹೊತ್ತಿಗೆ, ಯಾವ ಆಹಾರ ಕೂಡದು, ಮೈಮೇಲೆ ಯಾವ ಲಕ್ಷಣ ಕಂಡರೆ ದವಾಖಾನೆಗೆ ಓಡಬೇಕು ಎಂಬುದೆಲ್ಲ ಸಾಕಿ ಸಲಹುವವರಿಗೆ ತಿಳಿಯಲೇಬೇಕು. ಆದರೆ ಹದಿಹರೆಯದ ಮಗು ವೈದ್ಯರೆದುರು ತನ್ನ ಭಯ, ತನ್ನ ಚಟ, ತನ್ನ ಮೈಯ ಬದಲಾವಣೆ, ಮನೆಯಲ್ಲಿ ತಾನು ಕಂಡ ಕುಡಿತ ಹೊಡೆತಗಳ ಬಗ್ಗೆ ಆಡಿದ ಮಾತು ಬೇರೆ. ಆ ಮಾತು ಅಪ್ಪನ ಫೋನಿಗೆ ಹೋಗುತ್ತದೆಂದು ತಿಳಿದ ದಿನ ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ರೋಗಿಗೆ ಯಾವ ವೈದ್ಯನೂ ಔಷಧ ಕೊಡಲಾರ.

ಇದು ಬರಿಯ ಊಹೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 562 ಶಾಲಾ ವಿದ್ಯಾರ್ಥಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಗುಟ್ಟು ಕಾಯುವುದಾಗಿ ವೈದ್ಯರು ಮೊದಲೇ ಭರವಸೆ ಕೊಟ್ಟಾಗ, ಮತ್ತೆ ಚಿಕಿತ್ಸೆಗೆ ಬರುತ್ತೇವೆಂದವರು ನೂರಕ್ಕೆ 53ರಿಂದ 67ಕ್ಕೆ ಏರಿದರು. ಇಂಗ್ಲೆಂಡಿನಲ್ಲಿ ತಾಯಿಯೊಬ್ಬಳು, ತನಗೆ ತಿಳಿಸದೆ ತನ್ನ ಹೆಣ್ಣುಮಕ್ಕಳಿಗೆ ವೈದ್ಯರು ಸಲಹೆ ಕೊಡಬಾರದೆಂದು ದಾವೆ ಹೂಡಿ, ಅದು ಅಲ್ಲಿಯ ಅತ್ಯುನ್ನತ ಪೀಠದವರೆಗೆ ಹೋಯಿತು. 1985ರಲ್ಲಿ ಇಬ್ಬರ ವಿರುದ್ಧ ಮೂವರ ಬಹುಮತದಿಂದ ತೀರ್ಪು ತಾಯಿಯ ವಿರುದ್ಧ ಬಂದಿತು. ಹದಿನಾರರ ಕೆಳಗಿನ ಮಗುವಿಗೂ ವಿಷಯವನ್ನು ಪೂರ್ತಿಯಾಗಿ ಗ್ರಹಿಸುವ ತಿಳಿವಳಿಕೆಯಿದ್ದರೆ ಅದರ ಮಾತಿಗೆ ಬೆಲೆಯುಂಟೆಂದು ಅಂದಿನಿಂದ ಅಲ್ಲಿಯ ವೈದ್ಯರು ನಡೆದುಕೊಳ್ಳುತ್ತಾರೆ. ಬರಿಯ ವಯಸ್ಸನ್ನು ಎಣಿಸದೆ ತಿಳಿವಳಿಕೆಯನ್ನು ಅಳೆಯುವ ಕ್ರಮವಿದು. ಶಾಲಾ ಮಾಸ್ತರನಾಗಿದ್ದ ನನಗೆ ಇದು ಹೊಸತೆನಿಸುವುದಿಲ್ಲ. ಎಂಟನೆಯ ತರಗತಿಯಲ್ಲಿಯೇ ಸಂಸಾರ ತೂಗಿಸುವ ಮಕ್ಕಳನ್ನು ನೋಡಿದ್ದೇನೆ.

ಅಮೆರಿಕದಲ್ಲಿ 2021ರ ಏಪ್ರಿಲಿನಿಂದ ವೈದ್ಯರ ಟಿಪ್ಪಣಿಗಳನ್ನು ರೋಗಿಗೆ ವಿಳಂಬವಿಲ್ಲದೆ ಕಂಪ್ಯೂಟರಿನಲ್ಲಿ ತೋರಿಸಬೇಕೆಂಬ ನಿಯಮ ಬಂದಾಗ ಅಲ್ಲಿಯ ಮಕ್ಕಳ ಆಸ್ಪತ್ರೆಗಳಿಗೂ ಇದೇ ತೊಡಕು ಎದುರಾಯಿತು. ಮಗುವಿಗೊಂದು ಖಾತೆ, ಹೆತ್ತವರಿಗೆ ಬೇರೊಂದು ಮಿತವಾದ ಖಾತೆ ಎಂದು ಎಷ್ಟೋ ಆಸ್ಪತ್ರೆಗಳು ವಿಂಗಡಿಸಿದ್ದವು. ಆದರೂ ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಹದಿಹರೆಯದವರ ಖಾತೆಗಳಿಂದ ಹೊರಟ ಸಂದೇಶಗಳನ್ನು ಪರಿಶೀಲಿಸಿದಾಗ, ಅಂಥ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಹೆತ್ತವರೇ ತೆರೆದು ಬಳಸುತ್ತಿದ್ದುದು ಕಂಡುಬಂದಿತು. ಮಗುವಿಗೆ ಪ್ರತ್ಯೇಕ ಖಾತೆ ಮಾಡಿಕೊಟ್ಟಲ್ಲಿಯೇ ಹೀಗಾದರೆ, ಮನೆಗೊಂದೇ ಫೋನಿರುವ ನಮ್ಮಲ್ಲಿ ಹೇಳುವುದೇನು?

ಗುಟ್ಟಿಗೂ ಮಿತಿಯುಂಟು. ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರುವ ಮಗುವಿನ ವಿಷಯವನ್ನು ಮನೆಯವರಿಗೆ ತಿಳಿಸದಿರುವುದು ಪಾಪ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ವೈದ್ಯರು ವರದಿ ಮಾಡಲೇಬೇಕು. ಯಾವ ಮಾತನ್ನು ಮುಚ್ಚಿಡಬಲ್ಲೆ, ಯಾವುದನ್ನು ಮುಚ್ಚಿಡಲಾರೆ ಎಂಬುದನ್ನು ವೈದ್ಯರು ಮಗುವಿಗೆ ಮೊದಲೇ ತಿಳಿಯುವಂತೆ ಹೇಳಬೇಕು. ಸುಳ್ಳು ಭರವಸೆ ಕೊಟ್ಟು ಮಾತು ಹೊರಡಿಸಿ ಆಮೇಲೆ ಬಯಲು ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಹೊರಗಿನ ಭಯ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಕಳ್ಳರ ದಾಳಿಯಾಗಿ ದಿನಗಟ್ಟಲೆ ಎಲ್ಲವನ್ನೂ ಕೈಯಿಂದ ಬರೆಯಬೇಕಾಯಿತು. ದೇಶದ ದೊಡ್ಡ ಆಸ್ಪತ್ರೆಯ ಗತಿಯೇ ಹೀಗಾದರೆ ಉಳಿದವುಗಳ ಮಾತೇನು? ಹದಿನಾಲ್ಕರಲ್ಲಿ ಬರೆದ "ಮಾನಸಿಕ ತೊಂದರೆ" ಎಂಬ ಒಂದು ಸಾಲು ಇಪ್ಪತ್ತೆರಡರಲ್ಲಿ ಕೆಲಸ ಕೊಡುವವರ ಕಣ್ಣಿಗೆ, ಹೆಣ್ಣು ಕೊಡುವವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ಬರೆಸಿಕೊಂಡವರದು.

ಆಗಬೇಕಾದುದೇನು?

ನಾವು ಕೇಳುವುದು ಚಂದ್ರಲೋಕವನ್ನಲ್ಲ. ದವಾಖಾನೆಗಳಲ್ಲಿ ಇಂದೇ ಆಗಬಹುದಾದ ಕೆಲಸಗಳಿವು.

ಒಂದು: ಹನ್ನೆರಡು ತುಂಬಿದ ಮಗುವನ್ನು ಸ್ವಲ್ಪ ಹೊತ್ತಾದರೂ ಒಂಟಿಯಾಗಿ ಮಾತಾಡಿಸಿ, ಯಾವ ವಿವರ ಮನೆಗೆ ಹೋಗಬಹುದೆಂದು ಅದನ್ನೇ ಕೇಳಬೇಕು. ಹದಿನಾರು ತುಂಬಿದವರಿಗೆ ದಾಖಲೆಯ ಕೀಲಿಕೈ ಅವರದೇ ಆಗಬೇಕು.

ಎರಡು: ದಾಖಲೆ ಎರಡು ಭಾಗವಾಗಬೇಕು. ಔಷಧ, ಚುಚ್ಚುಮದ್ದು, ಅಪಾಯದ ಲಕ್ಷಣಗಳು ಒಂದರಲ್ಲಿ. ಮಗು ನಂಬಿ ಆಡಿದ ಮಾತು ಇನ್ನೊಂದರಲ್ಲಿ. ಎರಡನೆಯದನ್ನು ಯಾರು, ಎಂದು ತೆರೆದರೆಂಬುದು ದಾಖಲಾಗಿ ಮಗುವಿಗೆ ಕಾಣುವಂತಿರಬೇಕು.

ಮೂರು: ಮೊಬೈಲಿಗೆ ಹೋಗುವ ಸಂದೇಶದಲ್ಲಿ ರೋಗದ ಹೆಸರಾಗಲಿ ವಿಭಾಗದ ಹೆಸರಾಗಲಿ ಇರಕೂಡದು. "ಇಂಥ ತಾರೀಖಿಗೆ ದವಾಖಾನೆಗೆ ಬರಬೇಕು" ಎಂದು ಕನ್ನಡದಲ್ಲಿ ಬರೆದರೆ ಸಾಕು.

ನಾಲ್ಕು: ಸ್ವಂತ ಫೋನಿಲ್ಲದ ಮಗುವಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮರೆಯಲ್ಲಿ ಕೂರಿಸಿ, ಅದರ ದಾಖಲೆಯನ್ನು ಕನ್ನಡದಲ್ಲಿ ಓದಿ ಹೇಳುವವರಿರಬೇಕು. 2014ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ 10ರಿಂದ 19 ವಯಸ್ಸಿನವರಿಗಾಗಿ ನಮ್ಮ ರಾಜ್ಯದಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. ಅಲ್ಲಿಯ ಆಪ್ತ ಸಮಾಲೋಚಕರಿಗೇ ಈ ಕೆಲಸ ಒಪ್ಪಿಸಬಹುದು.

ಐದು: ಫೋನಿಲ್ಲ, ಆಭಾ ಇಲ್ಲ ಎಂದು ಯಾವ ಮಗುವನ್ನೂ ಕಿಟಕಿಯಿಂದ ಹಿಂದೆ ಕಳಿಸಕೂಡದು.

ಸರಕಾರ ಮಾಡುವವರೆಗೆ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ವ್ಯಾಪಾರಿ ಮಿತ್ರರಲ್ಲಿ ಒಂದು ವಿನಂತಿ. ದಿನವೂ ಎಷ್ಟೋ ಜನ ನಿಮ್ಮ ಮೇಲಿನ ನಂಬಿಕೆಯಿಂದ ಫೋನನ್ನು ನಿಮ್ಮ ಕೈಗೆ ಕೊಡುತ್ತಾರೆ. ಮೊದಲು ಮನಸ್ಸಿನಲ್ಲಿ ಓದಿರಿ. ದವಾಖಾನೆಯದಾದರೆ ಅವರನ್ನು ಬದಿಗೆ ಕರೆದು ಮೆಲ್ಲಗೆ ಹೇಳಿರಿ. ಕಾರ್ಮಿಕ ಬಂಧುಗಳೇ, ಮಗನ ಹೆಸರಿನಲ್ಲಿ ಸಂದೇಶ ಬಂದರೆ ಅಂಗಡಿಗೆ ಒಯ್ಯುವ ಮೊದಲು ಮಗನಿಗೇ ತೋರಿಸಿರಿ. ಅವನಿಗೆ ಓದಲು ಬರುತ್ತದೆ. ಅವನನ್ನು ಓದಿಸಲೆಂದೇ ಅಲ್ಲವೇ ನೀವು ಎರಡು ಪಾಳಿ ದುಡಿದದ್ದು?

ಕೊನೆಗೊಂದು ಹಳೆಯ ನೆನಪು. ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಕ್ಷಯ ತಗುಲಿತ್ತು. ಮನೆಯಲ್ಲಿ ಅಕ್ಕನ ಮದುವೆಯ ಮಾತು ನಡೆದಿತ್ತು. ಬೀಗರ ಕಣ್ಣಿಗೆ ಬಿದ್ದೀತೆಂದು ಅವಳು ಚಿಕಿತ್ಸೆಯ ಕಾರ್ಡನ್ನು ತಂದು, "ಇದು ನಿಮ್ಮ ಕಡೆ ಇರ್ಲಿ ಸರ್" ಎಂದಳು. ನಾನು ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಬೇಕಾದ ದಿನ ಕೇಳಿ ತೆಗೆದುಕೊಂಡು ಹೋಗುತ್ತಿದ್ದಳು, ತಾನೇ ಓದುತ್ತಿದ್ದಳು, ಮತ್ತೆ ತಂದಿಡುತ್ತಿದ್ದಳು. ಆರು ತಿಂಗಳು ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ಪೂರ್ತಿ ಗುಣವಾದಳು.

ಕೋಟಿಗಟ್ಟಲೆ ರೂಪಾಯಿ ಖರ್ಚು ಮಾಡಿ ಕಟ್ಟುತ್ತಿರುವ ಈ ಹೊಸ ಏರ್ಪಾಟು ಆ ಹಳೆಯ ಮೇಜಿನ ಖಾನೆ ಮಾಡಿದಷ್ಟು ಕೆಲಸ ಮಾಡಲಿ. ಮಗು ಕೇಳಿದಾಗ ಅದರ ಕೈಗೆ ಸಿಗಲಿ, ಬೇರೆಯವರು ಕೇಳಿದಾಗ ಬೀಗ ಬಿದ್ದಿರಲಿ. ನಾವು ಕೇಳುವುದು ಇಷ್ಟೇ.